ಒಂಟಿ ಮನೆಯ ಹಿರಿಯರಿಗೆ ನೆರವಿನ ನಾಯಿ: ಹೊಡೆಯದೆ, ಹೆದರಿಸದೆ ಕಲಿಸುವ ಬಗೆ

ಮಲೆನಾಡಿನಲ್ಲಿ ನಾಯಿ ಇಲ್ಲದ ಮನೆ ಕಡಿಮೆ. ಆದರೆ ಆ ನಾಯಿಗೆ ನಾವು ಕೊಟ್ಟಿರುವ ಕೆಲಸವೂ ಕಡಿಮೆಯೇ. ಹಗಲಿಡೀ ಸರಪಳಿಯಲ್ಲಿ ಬಿದ್ದಿರುವುದು, ರಾತ್ರಿ ಬಿಟ್ಟ ಮೇಲೆ ಬೊಗಳುವುದು, ತೋಟಕ್ಕೆ ಮಂಗ ಬಂದರೆ ಅಟ್ಟಿಕೊಂಡು ಹೋಗುವುದು. ಅದೇ ನಾಯಿ ಕೆಳಗೆ ಬಿದ್ದ ಊರುಗೋಲು ಎತ್ತಿ ಕೈಗೆ ಕೊಡುತ್ತದೆ, ಕಿವಿ ಮಂದವಾದ ಅಜ್ಜನ ಮೊಣಕಾಲಿಗೆ ಮೂಗು ತಾಗಿಸಿ ಯಾರೋ ಬಂದರು ಅಂತ ತಿಳಿಸುತ್ತದೆ, ಹಿತ್ತಲಲ್ಲಿ ಜಾರಿ ಬಿದ್ದವರ ಸುದ್ದಿಯನ್ನು ತೋಟದಲ್ಲಿದ್ದವರಿಗೆ ಮುಟ್ಟಿಸುತ್ತದೆ ಅಂದರೆ, ‘ಸುಮ್ನಿರಿ ಮಾರಾಯ್ರೆ, ಅದೆಲ್ಲ ಫಾರಿನ್ ನಾಯಿಗೆ’ ಅನ್ನುತ್ತಾರೆ. ಹಾಗೇನಿಲ್ಲ. ನಮ್ಮ ಊರ ನಾಯಿಯೂ ಕಲಿಯುತ್ತದೆ. ಕಲಿಸುವವರಿಗೆ ತಾಳ್ಮೆ ಬೇಕು, ಅಷ್ಟೆ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಒಂಟಿ ಮನೆಗಳ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ಮಕ್ಕಳು ಬೆಂಗಳೂರಲ್ಲಿ, ಅಪ್ಪಯ್ಯ ಅಮ್ಮ ಇಲ್ಲಿ. ಪಕ್ಕದ ಮನೆ ಅಂದರೆ ಗುಡ್ಡದಾಚೆ. ಮಳೆಗಾಲದಲ್ಲಿ ಕರೆಂಟಿನ ಜೊತೆ ಮೊಬೈಲ್ ಟವರೂ ಕೈಕೊಡುತ್ತದೆ. ಈ ಲೇಖನ ಅಂಥ ಮನೆಗಳಿಗಾಗಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಪೂರ್ತಿ ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಯನ್ನು ಮನೆಯಲ್ಲೇ ತಯಾರು ಮಾಡಲು ಹೋಗಬೇಡಿ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ 1916ರಲ್ಲಿ ಅಂಥ ನಾಯಿಗಳ ಶಾಲೆ ಶುರುವಾಯಿತು. ಅಂದಿನಿಂದ ಇಂದಿನವರೆಗೂ ಅದು ಪಳಗಿದ ತರಬೇತುದಾರರ ಕೆಲಸವೇ. ಎದುರಿಗೆ ಗಾಡಿ ಬರುತ್ತಿದ್ದರೆ ಯಜಮಾನ ‘ನಡಿ’ ಅಂದರೂ ನಾಯಿ ಕದಲಬಾರದು. ಅಷ್ಟು ಸೂಕ್ಷ್ಮ ಕಲಿಸುವಾಗ ತಪ್ಪಾದರೆ ಹೋಗುವುದು ಮನುಷ್ಯನ ಜೀವ. ಅದರಲ್ಲೂ ನಮ್ಮ ಕಾಲುಸಂಕ, ತಡಬೆ, ಚರಂಡಿ ದಾಟುವ ದಾರಿಗಳಲ್ಲಿ! ಮನೆಯೊಳಗಿನ, ಅಂಗಳದೊಳಗಿನ ಸಹಾಯ ಬೇರೆ ಮಾತು. ಅದನ್ನು ಮನೆಯವರೇ ಕಲಿಸಬಹುದು.

ಕೋಲು ಯಾಕೆ ಬೇಡ

ದಯೆ, ಕರುಣೆ ಎಲ್ಲ ಸರಿ. ಆದರೆ ನಾನು ಇಲ್ಲಿ ಹೇಳುವ ಕಾರಣ ಶುದ್ಧ ವ್ಯವಹಾರದ್ದು. ಹೊಡೆತಕ್ಕೆ ಹೆದರಿ ಕೆಲಸ ಮಾಡುವ ನಾಯಿ, ಹೊಡೆಯುವವರು ಎದುರಿಗೆ ಇದ್ದಾಗ ಮಾತ್ರ ಮಾಡುತ್ತದೆ. ನೆರವಿನ ನಾಯಿ ಬೇಕಾಗುವುದು ಯಾವಾಗ? ಮನುಷ್ಯ ನೆಲದ ಮೇಲೆ ಬಿದ್ದಿರುವಾಗ. ಎದ್ದು ನಿಲ್ಲಲು ಆಗದಿರುವಾಗ. ಆಗ ಅವರ ಕೈಯಲ್ಲಿ ಕೋಲೂ ಇಲ್ಲ, ಗದರಿಸಲು ಗಂಟಲಲ್ಲಿ ಬಲವೂ ಇಲ್ಲ. ಆ ಹೊತ್ತಿನಲ್ಲಿ ನಾಯಿ ತಾನಾಗಿ, ಮನಸಾರೆ ಹತ್ತಿರ ಬರಬೇಕು. ಹೊಡೆತ ತಿಂದ ನಾಯಿ ವಿಚಿತ್ರವಾದದ್ದು ಕಂಡರೆ ದೂರ ಸರಿಯುತ್ತದೆ. ನೆಲದ ಮೇಲೆ ಬಿದ್ದು ನರಳುವ ಅಮ್ಮ ಅದರ ಪಾಲಿಗೆ ವಿಚಿತ್ರವೇ ಅಲ್ವಾ?

ಇದು ಬರೀ ನನ್ನ ಅಭಿಪ್ರಾಯವಲ್ಲ. ಪೋರ್ಚುಗಲ್‌ನ ಸಂಶೋಧಕರು 2020ರಲ್ಲಿ 92 ಸಾಕುನಾಯಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಗದರಿಸಿ, ಚೈನು ಜಗ್ಗಿ ಕಲಿಸುವ ಶಾಲೆಗಳ ನಾಯಿಗಳು ಪಾಠದ ಹೊತ್ತಿನಲ್ಲಿ ಜಾಸ್ತಿ ಒತ್ತಡ ತೋರಿಸಿದವು. ಪಾಠದ ನಂತರ ಅವುಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನು ಕೂಡ ಏರಿತ್ತು. ಅಮೆರಿಕದ ಪ್ರಾಣಿ ವರ್ತನೆಯ ಪಶುವೈದ್ಯರ ಸಂಘ 2021ರಲ್ಲಿ, ಎಲ್ಲ ನಾಯಿಗಳಿಗೂ ಬಹುಮಾನ ಕೊಟ್ಟು ಕಲಿಸುವ ವಿಧಾನವೇ ಇರಲಿ ಎಂದು ಹೇಳಿತು. ಕರೆಂಟ್ ಶಾಕ್ ಕೊಡುವ ಕೊರಳಪಟ್ಟಿಯನ್ನು ವೇಲ್ಸ್ 2010ರಲ್ಲೇ ನಿಷೇಧಿಸಿದೆ. ಅಂಥವು ಇಲ್ಲಿ ಆನ್‌ಲೈನಿನಲ್ಲಿ ಸಿಗುತ್ತವೆ. ತರಿಸಬೇಡಿ. ಮುಳ್ಳಿನ ಚೈನು, ಕುತ್ತಿಗೆ ಬಿಗಿಯುವ ಚೈನು ಕೂಡ ಬೇಡ.

ಮೊದಲು ನಾಯಿಯಲ್ಲ, ಪಟ್ಟಿ

ನಾಯಿ ತರುವ ಮುಂಚೆ ಒಂದು ಹಾಳೆ ತಗೊಳ್ಳಿ. ಯಾರಿಗಾಗಿ ನಾಯಿ ಕಲಿಸುತ್ತೀರೋ ಅವರ ಜೊತೆ ಕೂತು ಮಾತಾಡಿ. ದಿನದಲ್ಲಿ ಎಲ್ಲೆಲ್ಲಿ ಕಷ್ಟವಾಗುತ್ತದೆ ಅಂತ ಅವರಿಂದಲೇ ಕೇಳಿ ಬರೆಯಿರಿ. ‘ಬಗ್ಗಿ ಏನೂ ಎತ್ತಲಾಗಲ್ಲ’, ‘ಕುಕ್ಕರ್ ಕೂಗಿದ್ದು ಕೇಳಲ್ಲ’, ‘ರಾತ್ರಿ ಬಚ್ಚಲಿಗೆ ಹೋಗುವಾಗ ಹೆದರಿಕೆ’ — ಹೀಗೆ. ಅದರಲ್ಲಿ ನಾಯಿಯಿಂದ ಆಗುವಂಥದ್ದು ಯಾವುದು, ಬಚ್ಚಲಿಗೊಂದು ಹಿಡಿ, ಜಗಲಿಗೊಂದು ದೀಪ ಹಾಕಿಸಿದರೆ ಮುಗಿಯುವಂಥದ್ದು ಯಾವುದು ಅಂತ ವಿಂಗಡಿಸಿ. ಎಷ್ಟೋ ಸಲ ಪಟ್ಟಿಯ ಅರ್ಧ ಬಡಗಿಯ ಕೆಲಸವೇ ಆಗಿರುತ್ತದೆ. ಉಳಿದದ್ದರಲ್ಲಿ ಎರಡೋ ಮೂರೋ ಕೆಲಸ ಆರಿಸಿ. ಅಷ್ಟು ಸಾಕು.

ಇನ್ನೊಂದು ಪ್ರಶ್ನೆಯನ್ನೂ ಮುಚ್ಚುಮರೆ ಇಲ್ಲದೆ ಕೇಳಿ: ಅವರಿಗೆ ನಾಯಿ ಇಷ್ಟವಾ? ಒಳಗೆ ನಾಯಿ ಬಂದರೆ ಮಡಿ ಮೈಲಿಗೆ ಅನ್ನುವ ಮನೆಯಲ್ಲಿ ಜಗಲಿಯವರೆಗೆ ಮಾತ್ರ ಬಿಡುವುದಾದರೆ, ಅಡುಗೆಮನೆಯಲ್ಲಿ ಬಿದ್ದವರಿಗೆ ಅದು ಸಹಾಯ ಮಾಡುವುದು ಹೇಗೆ? ಎಲ್ಲಿವರೆಗೆ ಬಿಡುತ್ತೀರಿ ಅಂತ ಮೊದಲೇ ತೀರ್ಮಾನವಾಗಲಿ. ಆಮೇಲೆ ಗಲಾಟೆ ಆದರೆ ಪೆಟ್ಟು ಬೀಳುವುದು ನಾಯಿಗೇ.

ಎಂಥ ನಾಯಿ

ಲ್ಯಾಬ್ರಡಾರ್ ಜಗತ್ತಿನೆಲ್ಲೆಡೆ ಈ ಕೆಲಸಕ್ಕೆ ಹೆಸರುವಾಸಿ. ಬಾಯಲ್ಲಿ ವಸ್ತು ಹಿಡಿಯುವುದು ಅದಕ್ಕೆ ರಕ್ತಗತ, ಜೊತೆಗೆ ಹೊಟ್ಟೆಬಾಕ. ಕಲಿಸುವವರಿಗೆ ಇನ್ನೇನು ಬೇಕು? ಆದರೆ ನಮ್ಮ ಮಳೆಗಾಲದಲ್ಲಿ ಅದರ ದಟ್ಟ ರೋಮ ಬೇಗ ಒಣಗುವುದಿಲ್ಲ. ಜೋಲು ಕಿವಿಯೊಳಗೆ ಸೋಂಕು, ಚರ್ಮಕ್ಕೆ ಫಂಗಸ್ ಸಾಮಾನ್ಯ. ಆಗುಂಬೆ ಸುತ್ತಮುತ್ತ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುವ ಕಡೆ ಇದನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು. ಊರ ನಾಯಿಯ ರೋಮ ಗಿಡ್ಡ, ಬೇಗ ಒಣಗುತ್ತದೆ. ಅದು ಸ್ವಲ್ಪ ಸ್ವತಂತ್ರ ಬುದ್ಧಿಯದು, ನಿಜ.

ತಳಿಗಿಂತ ಸ್ವಭಾವ ಮುಖ್ಯ. ಮರಿ ನೋಡಲು ಹೋದಾಗ ಒಂದು ಸ್ಟೀಲ್ ಲೋಟ ನೆಲಕ್ಕೆ ಬೀಳಿಸಿ ನೋಡಿ. ಬೆಚ್ಚಿ ಬಿದ್ದು, ಮರುಕ್ಷಣವೇ ಬಂದು ಮೂಸುವ ಮರಿ ಒಳ್ಳೆಯದು. ಮೂಲೆ ಸೇರಿ ಹೊರಗೆ ಬಾರದ ಮರಿ ಈ ಕೆಲಸಕ್ಕೆ ಕಷ್ಟ. ಎಲ್ಲರ ಮೇಲೂ ಹಾರಿ ಕಚ್ಚಾಡುವ ಗುಂಪಿನ ಪುಂಡನೂ ಬೇಡ. ವಯಸ್ಸಾದವರ ಮನೆಗೆ ಮರಿಗಿಂತ ಒಂದೂವರೆ ಎರಡು ವರ್ಷದ, ಸ್ವಭಾವ ಗೊತ್ತಿರುವ ನಾಯಿಯೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಮರಿ ಕಾಲಿಗೆ ಸಿಕ್ಕಿ ಅಜ್ಜಿ ಬಿದ್ದರೆ ಸಹಾಯಕ್ಕೆ ತಂದ ನಾಯಿಯೇ ಉಪದ್ರ.

ಆರಿಸಿದ ಮೇಲೂ ಒಂದು ಮಾತು ನೆನಪಿರಲಿ. ದೊಡ್ಡ ದೊಡ್ಡ ಶಾಲೆಗಳಲ್ಲೇ ಬೇಕಾದಷ್ಟು ನಾಯಿಗಳು ಅರ್ಧಕ್ಕೆ ತರಬೇತಿ ಬಿಟ್ಟು ಮನೆನಾಯಿಯಾಗಿ ಉಳಿಯುತ್ತವೆ. ನಿಮ್ಮದೂ ಹಾಗಾದರೆ ಅದು ಸೋಲಲ್ಲ. ಅದನ್ನು ಸಾಕಿಕೊಳ್ಳಿ. ದಾರಿಯಲ್ಲಿ ಬಿಟ್ಟು ಬರಬೇಡಿ.

ಮರಿಯ ಮೊದಲ ತಿಂಗಳುಗಳು

ಮೂರು ವಾರದಿಂದ ಸುಮಾರು ಹದಿನಾಲ್ಕು ವಾರದವರೆಗೆ ಮರಿಯ ಮನಸ್ಸು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಆ ಕಾಲದಲ್ಲಿ ಕಂಡದ್ದು, ಕೇಳಿದ್ದು ಜೀವನಪೂರ್ತಿ ಸಹಜ ಅನಿಸುತ್ತದೆ. ತೊಂದರೆ ಏನೆಂದರೆ ಲಸಿಕೆಗಳು ಮುಗಿಯುವುದು ಹದಿನಾರು ವಾರದ ಹೊತ್ತಿಗೆ. ಅಲ್ಲಿವರೆಗೆ ಬೇರೆ ನಾಯಿಗಳು ಓಡಾಡುವ ಕಡೆ ನೆಲಕ್ಕೆ ಬಿಡುವಂತಿಲ್ಲ. ಹಾಗಾಗಿ ಎತ್ತಿಕೊಂಡು ಹೋಗಿ. ಹೆಗಲಿಗೊಂದು ಚೀಲ, ಚೀಲದಲ್ಲಿ ಮರಿ. ಬಸ್ ನಿಲ್ದಾಣದ ಆಚೆ ಬದಿ ನಿಂತು ತೋರಿಸಿ. ಛತ್ರಿ ಬಿಚ್ಚುವುದು, ಕಂಬಳಿಕೊಪ್ಪೆ ಹಾಕಿದವರು, ಹೆಲ್ಮೆಟ್ ಹಾಕಿದವರು, ಅಡಿಕೆ ಸುಲಿಯುವ ಯಂತ್ರ, ಗಾಲಿಕುರ್ಚಿ, ವಾಕರ್, ಎಲ್ಲವನ್ನೂ ದೂರದಿಂದ ತೋರಿಸಿ, ಬಾಯಿಗೊಂದು ಚೂರು ಕೊಡಿ.

ಶಬ್ದದ ವಿಷಯ ಮಲೆನಾಡಿನಲ್ಲಿ ವಿಶೇಷ. ಮಂಗ ಓಡಿಸಲು ಪಟಾಕಿ, ಕಾಡುಹಂದಿಗೆ ಗರ್ನಾಲು, ಮುಂಗಾರಿನ ಗುಡುಗು, ದೀಪಾವಳಿ. ಮೊಬೈಲಿನಲ್ಲಿ ಪಟಾಕಿ, ಗುಡುಗಿನ ಶಬ್ದ ಹಾಕಿ. ಶುರುವಿನಲ್ಲಿ ನಿಮಗೇ ಕೇಳಿಯೂ ಕೇಳದಷ್ಟು ಸಣ್ಣಕ್ಕೆ ಇಡಿ. ಶಬ್ದ ಬಂದ ಕೂಡಲೇ ತಿಂಡಿ. ನಾಯಿ ತಿಂಡಿ ಬೇಡವೆಂದು ಮುಖ ತಿರುಗಿಸಿದರೆ ಶಬ್ದ ಜಾಸ್ತಿಯಾಯಿತು ಅಂತ ಅರ್ಥ. ಇನ್ನೂ ಕಡಿಮೆ ಮಾಡಿ. ಏರಿಸುವುದಕ್ಕೆ ವಾರಗಳು ಹಿಡಿಯಲಿ, ಪರವಾಗಿಲ್ಲ.

ರೇಬೀಸ್ ಲಸಿಕೆ ಮೂರು ತಿಂಗಳಿಗೆ ಮೊದಲ ಡೋಸ್, ಆಮೇಲೆ ಡಾಕ್ಟರು ಹೇಳಿದಂತೆ ತಪ್ಪದೆ. ಇಲಿ ಉಚ್ಚೆ ಬಿದ್ದ ನೀರಿನಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಗದ್ದೆ ತೋಟದ ಕಡೆ ಜಾಸ್ತಿ. ಅದರ ಲಸಿಕೆಯನ್ನೂ ಕೇಳಿ ಹಾಕಿಸಿ.

‘ಸೈ’ ಅನ್ನುವ ಪದ

ಇನ್ನು ಪಾಠ. ಇದರ ಗುಟ್ಟು ಇಷ್ಟೇ: ನಾಯಿ ಸರಿಯಾದದ್ದು ಮಾಡಿದ ಆ ಕ್ಷಣವನ್ನು ಒಂದು ಶಬ್ದದಿಂದ ಗುರುತಿಸಬೇಕು. ತಿಂಡಿ ಆಮೇಲೆ ಬಂದರೂ ನಡೆಯುತ್ತದೆ, ಶಬ್ದ ಮಾತ್ರ ತಡವಾಗಬಾರದು. ತರಬೇತುದಾರರು ಕ್ಲಿಕ್ಕರ್ ಅನ್ನುವ ಸಣ್ಣ ಸಾಧನ ಬಳಸುತ್ತಾರೆ. ಬಟನ್ ಪೆನ್ನಿನ ಟಿಕ್ ಶಬ್ದವೂ ಆಗುತ್ತದೆ. ಕೈಯಲ್ಲಿ ಊರುಗೋಲು ಹಿಡಿದವರಿಗೆ ಅದೆಲ್ಲ ರಗಳೆ, ಆದ್ದರಿಂದ ಒಂದು ಪದ ಇಟ್ಟುಕೊಳ್ಳಿ. ‘ಹಾಂ’, ‘ಸರಿ’ ಬೇಡ. ಫೋನಿನಲ್ಲಿ ಮಾತಾಡುವಾಗಲೂ ಅದನ್ನೇ ಹೇಳುತ್ತಿರುತ್ತೇವೆ, ನಾಯಿಗೆ ಅದರ ಬೆಲೆ ಹೋಗುತ್ತದೆ. ‘ಸೈ’ ಒಳ್ಳೆಯದು. ಚಿಕ್ಕದು, ಚುರುಕು, ಮಾತಿನಲ್ಲಿ ಅಪರೂಪ.

ಮೊದಲ ಎರಡು ದಿನ ನಾಯಿಯಿಂದ ಏನೂ ಕೇಳಬೇಡಿ. ‘ಸೈ’ ಅನ್ನಿ, ಒಂದು ಚೂರು ಕೊಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ‘ಸೈ’ ಕೇಳಿದ ತಕ್ಷಣ ಅದು ತಿರುಗಿ ನಿಮ್ಮ ಕೈ ನೋಡಿತು ಅಂದರೆ ಪದ ಅದಕ್ಕೆ ಹತ್ತಿತು.

ಚೂರು ಅಂದರೆ ಕಡಲೆಬೀಜದ ಗಾತ್ರ, ಅದಕ್ಕಿಂತ ದೊಡ್ಡದು ಬೇಡ. ಬೇಯಿಸಿದ ಕೋಳಿ, ಮೊಟ್ಟೆ ಎಲ್ಲಕ್ಕಿಂತ ಮೇಲು. ಸಸ್ಯಾಹಾರಿ ಮನೆಯಲ್ಲಿ ಪನೀರು, ಬೇಯಿಸಿದ ಗೆಣಸು, ಉಪ್ಪು ಕಮ್ಮಿ ಇರುವ ಅಕ್ಕಿರೊಟ್ಟಿಯ ಚೂರು. ಈರುಳ್ಳಿ ಹಾಕಿದ ಪಲ್ಯ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ಕೊಟ್ಟ ಚೂರುಗಳಷ್ಟನ್ನು ರಾತ್ರಿಯ ಊಟದಲ್ಲಿ ಕಳೆಯಿರಿ. ಪಾಠ ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ. ಅದಕ್ಕಿಂತ ಜಾಸ್ತಿ ಎಳೆದರೆ ಇಬ್ಬರಿಗೂ ಬೇಜಾರು.

ಹೇಳುವ ಪದಗಳಲ್ಲೂ ಸ್ವಲ್ಪ ಎಚ್ಚರ ಬೇಕು. ಅಮ್ಮ ‘ಕೂತ್ಕೋ’, ಅಪ್ಪಯ್ಯ ‘ಕೂರು’, ಬೆಂಗಳೂರಿನಿಂದ ಬಂದ ಮೊಮ್ಮಗ ‘ಸಿಟ್’ ಅಂದರೆ ನಾಯಿ ಯಾರ ಮಾತು ಕೇಳಬೇಕು? ಮನೆಗೆಲ್ಲ ಒಂದೇ ಪದ. ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಒಂದಕ್ಕೊಂದು ಪ್ರಾಸವಾಗುವ ಪದ ಬೇಡ. ‘ಬಾ’ ಮತ್ತು ‘ತಾ’ ನಾಯಿಯ ಕಿವಿಗೆ ಹೆಚ್ಚುಕಮ್ಮಿ ಒಂದೇ. ‘ಬಾ’ ಇಟ್ಟುಕೊಂಡರೆ ವಸ್ತು ತರುವುದಕ್ಕೆ ನಮ್ಮ ಕಡೆಯ ‘ಹೆಕ್ಕು’ ಇರಲಿ.

ಕೆಲಸ ಕಲಿಸುವ ಮುಂಚೆ ನಾಲ್ಕು ಅಡಿಪಾಯ: ಹೆಸರು ಕರೆದರೆ ನೋಡುವುದು, ಅಂಗೈಗೆ ಮೂಗು ಮುಟ್ಟಿಸುವುದು, ಹಾಸಿದ ಗೋಣಿಯ ಮೇಲೆ ಹೋಗಿ ಸುಮ್ಮನೆ ಮಲಗುವುದು, ಹಗ್ಗ ಎಳೆಯದೆ ಪಕ್ಕದಲ್ಲಿ ನಡೆಯುವುದು. ಕೊನೆಯದಕ್ಕೆ ಎದೆಯ ಮೇಲೆ ಬರುವ ಪಟ್ಟಿ ಹಾಕಿ, ಕುತ್ತಿಗೆಗೆ ಭಾರ ಬೀಳದಂತೆ. ನಾಯಿ ಎಳೆದರೆ ನಿಂತುಬಿಡಿ. ಹಗ್ಗ ಸಡಿಲವಾದ ಕೂಡಲೇ ‘ಸೈ’, ಮತ್ತೆ ನಡಿಗೆ. ಮೊದಲ ದಿನ ಅಂಗಳ ದಾಟುವುದೇ ದೊಡ್ಡದು.

ಊರುಗೋಲು ಹೆಕ್ಕುವುದು

ಇದನ್ನು ಸ್ವಲ್ಪ ವಿವರವಾಗಿ ನೋಡೋಣ. ಮಿಕ್ಕ ಕೆಲಸಗಳೂ ಇದೇ ದಾರಿಯಲ್ಲಿ ಬರುತ್ತವೆ.

ಕೋಲಿನ ನಡುಭಾಗಕ್ಕೆ ಹಳೆ ಟವೆಲ್ ಸುತ್ತಿ ದಾರದಿಂದ ಬಿಗಿದು ಕಟ್ಟಿ. ಗಟ್ಟಿ ಮರ ಅಥವಾ ಲೋಹ ಹಲ್ಲಿಗೆ ತಾಗುವುದು ನಾಯಿಗೆ ಇಷ್ಟವಿಲ್ಲ. ನಡುವಿಗೇ ಸುತ್ತಬೇಕು, ತುದಿಗಲ್ಲ. ತುದಿ ಹಿಡಿದ ನಾಯಿ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಇಲ್ಲವೇ ಇನ್ನೊಂದು ತುದಿ ಅಜ್ಜಿಯ ಕಣಕಾಲಿಗೆ ಬಡಿಯುತ್ತದೆ. ನಾಯಿಗೆ ಕೋಲಿನ ಹಳೆಯ ಹೆದರಿಕೆ ಏನಾದರೂ ಇದ್ದರೆ ಮೊದಲ ವಾರ ಕೋಲನ್ನು ಸುಮ್ಮನೆ ನೆಲದ ಮೇಲೆ ಇಟ್ಟು, ಅದರ ಸುತ್ತ ಊಟ ಹಾಕಿ.

ಕೋಲು ನೆಲದ ಮೇಲಿರಲಿ. ನೀವು ಪಕ್ಕದಲ್ಲಿ ಕುಳಿತುಕೊಳ್ಳಿ, ಮಾತು ಬೇಡ. ನಾಯಿ ಕೋಲಿನ ಕಡೆ ನೋಡಿದರೆ ಸೈ. ಮೂಸಿದರೆ ಸೈ. ಇದು ಹತ್ತಿತು ಅಂದ ಮೇಲೆ ಬರೀ ನೋಡಿದ್ದಕ್ಕೆ ಕೊಡಬೇಡಿ, ಮೂಗು ಟವೆಲಿಗೆ ತಾಗಬೇಕು. ಆಮೇಲೆ ಅದಕ್ಕೂ ಕೊಡುವುದು ನಿಲ್ಲಿಸಿ ಕಾಯಿರಿ. ನಾಯಿ ಒಂದು ಕ್ಷಣ ನಿಮ್ಮ ಮುಖ ನೋಡುತ್ತದೆ. ‘ಈಗ ತಾನೆ ಮುಟ್ಟಿದೆನಲ್ಲ?’ ಅನ್ನುವ ಹಾಗೆ. ಮತ್ತೆ ಮೂಗಿನಿಂದ ತಳ್ಳುತ್ತದೆ, ಕಾಲಿನಿಂದ ಕೆರೆಯುತ್ತದೆ, ಕೊನೆಗೆ ಬಾಯಿ ಹಾಕುತ್ತದೆ. ಹಲ್ಲು ಟವೆಲಿಗೆ ತಾಗಿದ ಆ ಕ್ಷಣ ಸೈ! ಒಟ್ಟಿಗೆ ಮೂರು ನಾಲ್ಕು ಚೂರು. ಅವತ್ತಿನ ಪಾಠ ಅಲ್ಲಿಗೇ ನಿಲ್ಲಿಸಿ.

ಮುಂದಿನ ದಿನಗಳಲ್ಲಿ ಬಾಯಲ್ಲಿ ಅರೆಕ್ಷಣ ಹಿಡಿದದ್ದಕ್ಕೆ, ಆಮೇಲೆ ಒಂದು ಸೆಕೆಂಡ್, ಎರಡು ಸೆಕೆಂಡ್. ನಂತರ ನೆಲದಿಂದ ಮೇಲೆದ್ದದ್ದಕ್ಕೆ. ಇಷ್ಟಾದ ಮೇಲೆ ಅದರ ಗಲ್ಲದ ಕೆಳಗೆ ನಿಮ್ಮ ಅಂಗೈ ಒಡ್ಡಿ. ಕೋಲು ಕೈಗೆ ಬಿದ್ದರೆ ಸೈ, ನೆಲಕ್ಕೆ ಬಿದ್ದರೆ ಏನೂ ಇಲ್ಲ. ‘ಅಯ್ಯೋ’ ಕೂಡ ಬೇಡ. ನಾಯಿಯೇ ಮತ್ತೆ ಎತ್ತುತ್ತದೆ. ಇದು ಮಂಚದ ಮೇಲೆ, ಕುರ್ಚಿಯ ಮೇಲೆ, ಜಗಲಿ ಮೆಟ್ಟಿಲ ಮೇಲೆ ಕುಳಿತಾಗಲೂ ಆಗಬೇಕು. ನಾಯಿಗೆ ಜಾಗ ಬದಲಾದರೆ ಪಾಠವೇ ಬದಲಾದಂತೆ, ಪ್ರತಿ ಹೊಸ ಜಾಗದಲ್ಲೂ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಶುರು ಮಾಡಿ.

‘ಹೆಕ್ಕು’ ಅನ್ನುವ ಪದ ಬರುವುದು ಈಗ. ನಾಯಿ ಹತ್ತರಲ್ಲಿ ಒಂಬತ್ತು ಸಲ ಎತ್ತುವ ಹಾಗಾದ ಮೇಲೆ, ಅದು ಎತ್ತಲು ಬಗ್ಗುವ ಮುಂಚೆ ಒಮ್ಮೆ ಹೇಳಿ. ಮೊದಲೇ ‘ಹೆಕ್ಕು, ಹೆಕ್ಕು’ ಅಂತ ಮಂತ್ರ ಹೇಳಿದರೆ ಅದಕ್ಕೆ ಅರ್ಥವೇ ಹುಟ್ಟುವುದಿಲ್ಲ. ಕೊನೆಯ ಹಂತದಲ್ಲಿ ಕೋಲು ಟಪ್ಪೆಂದು ಬೀಳುವ ಶಬ್ದವೇ ಸೂಚನೆಯಾಗಲಿ. ಬೀಳಿಸಿ, ‘ಹೆಕ್ಕು’ ಅನ್ನಿ. ದಿನ ಕಳೆದಂತೆ ಪದ ಬಿಟ್ಟುಬಿಡಿ. ಶಬ್ದ ಕೇಳಿದರೆ ಸಾಕು, ಅದು ಎದ್ದು ಬರುತ್ತದೆ.

ಕೋಲು ಸದಾ ಕೈಯಲ್ಲಿರುವ ಅಜ್ಜಿಯೇ ಕೊನೆಯ ಹಂತಗಳ ಪಾಠ ಮಾಡಬೇಕು. ತಿಂಡಿಯ ಡಬ್ಬಿ ಅವರ ಸೊಂಟದಲ್ಲಿ ಇರಲಿ. ನೀವು ಕಲಿಸಿದ ನಾಯಿ ನಿಮ್ಮದೇ ಆಗಿ ಉಳಿದರೆ, ರಜೆ ಮುಗಿಸಿ ನೀವು ಬೆಂಗಳೂರಿನ ಬಸ್ಸು ಹತ್ತಿದ ದಿನವೇ ಎಲ್ಲ ಮುಗಿಯಿತು.

ಗಂಟೆಯ ಕೆಲಸ

ಬಿದ್ದವರ ಸುದ್ದಿ ಮುಟ್ಟಿಸಲು ನಾಯಿಗೆ ಬೊಗಳಲು ಕಲಿಸುವುದು ಎಲ್ಲರಿಗೂ ಹೊಳೆಯುತ್ತದೆ. ನಮ್ಮ ಕಡೆ ಅದು ಪ್ರಯೋಜನವಿಲ್ಲ. ಮಂಗ ಬಂದರೂ, ಪೋಸ್ಟ್‌ಮ್ಯಾನ್ ಬಂದರೂ, ಏನೂ ಬಾರದಿದ್ದರೂ ನಾಯಿ ಬೊಗಳುತ್ತದೆ. ತೋಟದಲ್ಲಿ ಕೊನೆ ತೆಗೆಯುತ್ತಿರುವವರು ತಲೆ ಎತ್ತಿಯೂ ನೋಡುವುದಿಲ್ಲ. ಅದಕ್ಕೆ ಗಂಟೆ ಮೇಲು. ದನದ ಕೊರಳಿಗೆ ಕಟ್ಟುವ ಗಂಟೆಯಲ್ಲಿ ದೊಡ್ಡದೊಂದನ್ನು ಜಗಲಿಯ ಕಂಬಕ್ಕೆ ತೂಗುಹಾಕಿ, ಅದರಿಂದ ನಾಯಿಯ ಎದೆಮಟ್ಟಕ್ಕೆ ಒಂದು ಹಗ್ಗ ಬಿಡಿ. ಹಗ್ಗದ ತುದಿಗೆ ಬಟ್ಟೆಯ ಗಂಟು. ನಾಯಿ ಗಂಟು ಕಚ್ಚಿ ಎಳೆಯಬೇಕು. ಬೇರೆ ಯಾರೂ ಯಾವುದಕ್ಕೂ ಆ ಗಂಟೆ ಬಾರಿಸುವಂತಿಲ್ಲ, ಊಟಕ್ಕೆ ಕರೆಯಲೂ ಅಲ್ಲ.

ಎಳೆಯುವುದನ್ನು ಕೋಲಿನ ಪಾಠದಂತೆಯೇ ಕಲಿಸಿ. ಗಂಟೆಯ ನಾಲಿಗೆಗೆ ಶುರುವಿನಲ್ಲಿ ಬಟ್ಟೆ ಸುತ್ತಿ. ದೊಡ್ಡ ಶಬ್ದಕ್ಕೆ ಬೆಚ್ಚಿದ ನಾಯಿ ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ನಂತರ ಒಬ್ಬರು ಜಗಲಿಯಲ್ಲೇ, ಗಂಟೆಯ ಪಕ್ಕದಲ್ಲೇ ನೆಲದ ಮೇಲೆ ಮಲಗಿ ‘ಗಂಟೆ’ ಅನ್ನಿ. ಎಳೆದರೆ ಸೈ. ದಿನಾ ಸ್ವಲ್ಪ ದೂರ: ನಡುಮನೆ, ಅಡುಗೆಮನೆ, ಬಚ್ಚಲು, ಹಿತ್ತಲು. ಬರೀ ಮಲಗಿದರೆ ಸಾಲದು, ನಿಧಾನವಾಗಿ ಕುಸಿದು ಬಿದ್ದ ಹಾಗೆ ನಟಿಸಿ, ನರಳಿ. ಮೊದಲ ಸಲ ನಾಯಿ ಗಾಬರಿಯಿಂದ ಮುಖ ನೆಕ್ಕುತ್ತದೆ, ಆಟ ಅಂದುಕೊಂಡು ಮೇಲೆ ಹತ್ತುತ್ತದೆ. ನಗು ತಡೆದುಕೊಳ್ಳಿ. ಗಂಟೆ ಬಾರಿಸಿದ ಮೇಲೆ ತೋಟದಿಂದ ಬಂದವರೇ ನಾಯಿಗೆ ತಿಂಡಿ ಕೊಡಬೇಕು, ಅದೂ ಒಳ್ಳೇ ತಿಂಡಿ. ಗಂಟೆ ಹೊಡೆದರೆ ಜನ ಓಡಿ ಬರುತ್ತಾರೆ, ಬಂದವರ ಕೈಯಲ್ಲಿ ಮೊಟ್ಟೆ ಇರುತ್ತದೆ ಅನ್ನುವುದು ಅದಕ್ಕೆ ಖಾತ್ರಿಯಾಗಬೇಕು. ವಾರಕ್ಕೊಮ್ಮೆ ಈ ನಾಟಕ ನಡೆಯುತ್ತಲೇ ಇರಲಿ.

ಸುಮ್ಮಸುಮ್ಮನೆ ಗಂಟೆ ಬಾರಿಸಿ ತಿಂಡಿ ಕೇಳುವ ಜಾಣ ನಾಯಿಗಳೂ ಇವೆ. ಬೈಯಬೇಡಿ. ಬಂದು ನೋಡಿ, ಏನೂ ಇಲ್ಲದಿದ್ದರೆ ಏನೂ ಕೊಡದೆ ವಾಪಸ್ ಹೋಗಿ. ಬೈದರೆ, ನಿಜವಾಗಿ ಬೇಕಾದ ದಿನ ಅದು ಹಗ್ಗ ಮುಟ್ಟುವುದಿಲ್ಲ.

ಕಿವಿ ಕೇಳದವರಿಗೆ ಇದರ ಇನ್ನೊಂದು ರೂಪ. ಕುಕ್ಕರ್ ಕೂಗಿದಾಗ, ಬಾಗಿಲು ತಟ್ಟಿದಾಗ ನಾಯಿ ಬಂದು ಮೊಣಕಾಲಿಗೆ ಮೂಗು ತಾಗಿಸಿ, ಶಬ್ದದ ಕಡೆ ಕರೆದೊಯ್ಯಬೇಕು. ಒಂದು ಶಬ್ದ ಪೂರ್ತಿ ಬಂದ ಮೇಲೇ ಇನ್ನೊಂದು.

ಸಕ್ಕರೆ ಕಾಯಿಲೆ, ಮೂರ್ಛೆ ರೋಗದ ಬಗ್ಗೆ ತುಂಬ ಜನ ಕೇಳುತ್ತಾರೆ. ಸಕ್ಕರೆ ಇಳಿದಾಗಿನ ಮೈವಾಸನೆಯನ್ನು ಕೆಲವು ನಾಯಿಗಳು ಗುರುತಿಸುತ್ತವೆ, ಆದರೆ ಅದನ್ನು ನಂಬಿ ಗ್ಲುಕೋಮೀಟರ್ ಬಿಡುವಂತಿಲ್ಲ. ಮೂರ್ಛೆ ಬರುವ ಮುಂಚೆ ಹೇಳುವಂತೆ ಖಾತ್ರಿಯಾಗಿ ಕಲಿಸಲು ಬರುವುದಿಲ್ಲ. ಬಂದ ಮೇಲೆ ಗಂಟೆ ಬಾರಿಸಲು ಕಲಿಸಬಹುದು. ‘ಮುಂಚೆಯೇ ಹೇಳುವ ನಾಯಿ ಕೊಡ್ತೇವೆ’ ಅಂತ ದುಡ್ಡು ಕೇಳುವವರಿಂದ ದೂರ ಇರಿ.

ನಾಯಿ ‘ಬೇಡ’ ಅನ್ನುವುದು

ನಾಯಿಗೂ ಸಾಕಾಗುತ್ತದೆ. ಆಕಳಿಸುತ್ತದೆ, ಆದರೆ ನಿದ್ದೆಯಲ್ಲ. ಊಟವಿಲ್ಲದಿದ್ದರೂ ತುಟಿ ನೆಕ್ಕುತ್ತದೆ. ಮುಖ ತಿರುಗಿಸಿ ಕಣ್ಣಂಚಿನ ಬಿಳಿ ತೋರಿಸುತ್ತದೆ. ಮೈ ಒದ್ದೆಯಿಲ್ಲದೆಯೂ ಕೊಡವುತ್ತದೆ. ಇದರಲ್ಲಿ ಎರಡು ಒಟ್ಟಿಗೆ ಕಂಡರೆ ಪಾಠ ನಿಲ್ಲಿಸಿ, ಸುಲಭವಾದದ್ದೊಂದು ಮಾಡಿಸಿ, ಬಿಟ್ಟುಬಿಡಿ. ಗುರುಗುಟ್ಟಿದರೆ ಹೊಡೆಯಬೇಡಿ. ಗುರುಗುಟ್ಟುವುದನ್ನು ಹೊಡೆದು ನಿಲ್ಲಿಸಿದರೆ ಮುಂದೆ ಅದು ಸೂಚನೆ ಕೊಡದೆ ಕಚ್ಚುತ್ತದೆ.

ಹಿಡಿದು ಏಳಲು ನಾಯಿಯ ಬೆನ್ನಿನ ಮೇಲೆ ಭಾರ ಹಾಕುವ ಅಭ್ಯಾಸ ಬೇಡವೇ ಬೇಡ. ಮೂವತ್ತು ಕಿಲೋ ನಾಯಿ ಅರವತ್ತು ಕಿಲೋ ಅಜ್ಜನನ್ನು ಎಬ್ಬಿಸಲಾರದು, ಅದರ ಬೆನ್ನು ಹಾಳಾಗುತ್ತದೆ. ಒಂದೂವರೆ ವರ್ಷದ ಒಳಗೆ ಭಾರ ಎಳೆಸುವುದು, ಎತ್ತರದಿಂದ ಜಿಗಿಸುವುದೂ ಬೇಡ. ಮೂಳೆ ಇನ್ನೂ ಬಲಿಯುತ್ತಿರುತ್ತದೆ.

ಹಗಲಿಡೀ ಕಟ್ಟಿಹಾಕುವ ಪದ್ಧತಿಯನ್ನೂ ಬಿಡಬೇಕಾಗುತ್ತದೆ. ವಿಪರೀತ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಅತಿ ಹೊತ್ತು ಕಟ್ಟುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಕಟ್ಟಿದ ನಾಯಿ ಯಾರಿಗೂ ಸಹಾಯ ಮಾಡಲಾರದು. ಹಗಲು ಮನೆಯವರ ಜೊತೆ ಬಿಡಿ, ರಾತ್ರಿ ಮನೆಯೊಳಗೆ ಮಲಗಿಸಿ. ಚಿರತೆ ಹೊತ್ತೊಯ್ಯುವುದು ಅಂಗಳದಲ್ಲಿ ಮಲಗಿದ ನಾಯಿಗಳನ್ನೇ.

ಉಣುಗು, ಉಂಬಳ, ಅಡಿಕೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ಕಾಡು ಸುತ್ತಿ ಬಂದ ನಾಯಿಯ ಮೈಮೇಲೆ ಉಣುಗು ಮನೆಯೊಳಗೆ ಬರುತ್ತದೆ. ವಯಸ್ಸಾದವರ ಹಾಸಿಗೆಯ ಪಕ್ಕ ಮಲಗುವ ನಾಯಿಯ ವಿಷಯದಲ್ಲಿ ಇದನ್ನು ಹಗುರವಾಗಿ ತಗೊಳ್ಳಬೇಡಿ. ಈ ತಿಂಗಳುಗಳಲ್ಲಿ ನೆರವಿನ ನಾಯಿಯನ್ನು ಕಾಡಿಗೆ, ಸೊಪ್ಪಿನಬೆಟ್ಟಕ್ಕೆ ಬಿಡಲೇಬೇಡಿ. ದಿನಾ ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಂಕುಳಲ್ಲಿ, ಬಾಲದ ಬುಡದಲ್ಲಿ ನೋಡಿ. ಕೈಗೆ ಗ್ಲೌಸ್ ಹಾಕಿ, ಚಿಮುಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೆಟ್ಟಗೆ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ. ನಾಯಿಗೂ ಉಣುಗಿನಿಂದ ಜ್ವರ ಬರುತ್ತದೆ. ಊಟ ಬಿಟ್ಟು ಮಂಕಾದರೆ, ವಸಡು ಬಿಳಿಚಿದರೆ ತಡ ಮಾಡಬೇಡಿ. ದನಕ್ಕೆ ತಂದ ಉಣುಗಿನ ಔಷಧಿಯನ್ನು ಅಂದಾಜಿನ ಮೇಲೆ ನಾಯಿಗೆ ಸುರಿಯುವುದು ಅಪಾಯ. ಮನೆಯಲ್ಲಿ ಬೆಕ್ಕಿದ್ದರೆ ಡಾಕ್ಟರಿಗೆ ಹೇಳಿ, ನಾಯಿಗೆ ಹಚ್ಚುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಉಂಬಳ, ಅಂದರೆ ಜಿಗಣೆ, ಕಾಲಿಗೆ ಹತ್ತಿದರೆ ಉಗುರಿನಿಂದ ಮೆಲ್ಲಗೆ ಜಾರಿಸಿ ತೆಗೆಯಿರಿ. ಮೂಗಿನೊಳಗೆ ಹೋಗಿ ರಕ್ತ ಬರುತ್ತಿದ್ದರೆ ಉಪ್ಪು, ಹೊಗೆಸೊಪ್ಪಿನ ನೀರಿನ ಪ್ರಯೋಗ ಬೇಡ, ಆಸ್ಪತ್ರೆಗೆ ಹೋಗಿ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ದಿನ ನಾಯಿಯನ್ನು ತೋಟದಿಂದ ದೂರ ಇಡಿ, ಪಾದಕ್ಕೆ ಹತ್ತಿದ ಮೈಲುತುತ್ತವನ್ನು ಅದು ನೆಕ್ಕಿಬಿಡುತ್ತದೆ. ಅಡಿಕೆ ಕೂಡ ಅದಕ್ಕೆ ಆಗದು. ಅಡಿಕೆಯ ಅರೆಕೊಲಿನ್ ಅಂಶವನ್ನು ಹಿಂದೆ ನಾಯಿಗೆ ಹುಳದ ಔಷಧಿಯಾಗಿ ಕೊಡುತ್ತಿದ್ದರು. ವಾಂತಿ, ಭೇದಿ ಹಿಡಿಯುತ್ತದೆ ಅಂತ ಈಗ ಅದನ್ನು ಬಿಟ್ಟಿದ್ದಾರೆ. ಅಂಗಳದಲ್ಲಿ ಒಣಹಾಕಿದ ಅಡಿಕೆ ಕಡಿಯುವ ಮರಿಗೆ ಬೇರೇನಾದರೂ ಕಚ್ಚಲು ಕೊಡಿ.

ಪೇಟೆಗೆ ಹೋಗುವಾಗ

ಶಿವಮೊಗ್ಗದ ಗಾಂಧಿ ಬಜಾರಿನ ಸಂದಣಿಗೆ ಕರೆದೊಯ್ಯುವ ಮುಂಚೆ ನಿಮ್ಮೂರ ಸಂತೆಯ ಅಂಚಿನಲ್ಲಿ ನಿಂತು ಅಭ್ಯಾಸ ಮಾಡಿಸಿ. ಬೀದಿ ನಾಯಿಗಳು ಸುತ್ತುವರಿದರೆ ಓಡಬೇಡಿ, ಒಂದು ಮುಷ್ಟಿ ತಿಂಡಿಯನ್ನು ಅವುಗಳ ಕಡೆ ಎಸೆದು ನಿಧಾನಕ್ಕೆ ಸರಿಯಿರಿ. ಸರ್ಕಾರಿ ಬಸ್ಸಿನಲ್ಲಿ ನಾಯಿಗೂ ಟಿಕೆಟ್ ಇದೆ, ಆದರೆ ಎಲ್ಲ ಬಗೆಯ ಬಸ್ಸಿನಲ್ಲೂ ಹತ್ತಿಸುವುದಿಲ್ಲ. ಅಂಗಡಿ, ಬ್ಯಾಂಕು, ಆಸ್ಪತ್ರೆಗೆ ಹೋಗುವ ಮುಂಚೆ ಫೋನ್ ಮಾಡಿ ವಿಷಯ ಹೇಳಿ. ಬಾಗಿಲಲ್ಲಿ ನಿಂತು ಜಗಳಾಡುವುದಕ್ಕಿಂತ ಅದು ವಾಸಿ. ‘ಕೆಲಸದಲ್ಲಿದೆ, ಮುಟ್ಟಬೇಡಿ’ ಅಂತ ದೊಡ್ಡ ಅಕ್ಷರದಲ್ಲಿ ಬರೆದ ಬಟ್ಟೆಯೊಂದನ್ನು ಅದರ ಬೆನ್ನಿಗೆ ಕಟ್ಟಿ. ಎಲ್ಲರೂ ಓದುತ್ತಾರೆ, ಅರ್ಧ ಜನ ಆದರೂ ಮುಟ್ಟುತ್ತಾರೆ. ನಯವಾಗಿ ಬೇಡ ಅನ್ನಿ.

ವರ್ಷಕ್ಕೊಮ್ಮೆಯಾದರೂ ಪೂರ್ತಿ ತಪಾಸಣೆ ಬೇಕು. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಆಗದ್ದಕ್ಕೆ ಶಿವಮೊಗ್ಗದ ಪಶುವೈದ್ಯಕ ಕಾಲೇಜಿನ ಆಸ್ಪತ್ರೆ ಇದೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಹಲವು ಕಡೆ ಉಚಿತ ಲಸಿಕೆ ಶಿಬಿರ ನಡೆಯುತ್ತವೆ, ವಿಚಾರಿಸಿ. ಎಂಟರಿಂದ ಹತ್ತು ವರ್ಷದ ಹೊತ್ತಿಗೆ ನಾಯಿ ಮೆಟ್ಟಿಲು ಹತ್ತಲು ಹಿಂದೆಮುಂದೆ ನೋಡುತ್ತದೆ, ಕಿವಿ ಮಂದವಾಗುತ್ತದೆ. ಆಗ ಕೋಲು ಹೆಕ್ಕುವ ಕೆಲಸ ಬಿಡಿಸಿ. ಹೊಸ ನಾಯಿ ತರುವುದಾದರೆ ಹಳೆಯದು ಇನ್ನೂ ಗಟ್ಟಿ ಇರುವಾಗಲೇ ತನ್ನಿ. ಪಾಠ ಮಾತ್ರ ಬೇರೆ ಬೇರೆ ಕೋಣೆಯಲ್ಲಿ, ತಿಂಡಿ ಇಬ್ಬರಿಗೂ. ಗಂಟೆಯ ಹಗ್ಗವನ್ನು ಹೊಸಬನ ಎತ್ತರಕ್ಕೆ ತಕ್ಕಂತೆ ಕಟ್ಟಿ, ಬಟ್ಟೆಯ ಗಂಟನ್ನು ಆರು ತಿಂಗಳಿಗೊಮ್ಮೆ ಬದಲಿಸಿ. ಮಳೆಗಾಲದ ತೇವಕ್ಕೆ ಅದು ಬೇಗ ಲಡ್ಡಾಗುತ್ತದೆ.